ಕಾರವಾರದ ಕ್ಷಿಪಣಿನೌಕೆಯೂ ಪರದೆಯ ಮೇಲಿನ ಅದರ ಪ್ರತಿರೂಪವೂ

ಹುಬ್ಬಳ್ಳಿಯನ್ನು ಬಿಟ್ಟು ಕಲಘಟಗಿಯನ್ನು ಹಾಯ್ದು, ಯಲ್ಲಾಪುರದ ಅಡವಿಯನ್ನು ದಾಟಿ, ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಬಳಿ ಕಡಲನ್ನು ಸೇರುವ ಹೆದ್ದಾರಿಯೇ ಧಾರವಾಡ ಜಿಲ್ಲೆಯ ಬಯಲುನಾಡಿನವರಿಗೆ ಸಮುದ್ರದರ್ಶನವನ್ನು ಮಾಡಿಸತಕ್ಕ ಮಾರ್ಗ. ಬೆಣ್ಣಿಹಳ್ಳವು ಮಳೆಗಾಲದಲ್ಲಿ ಉಕ್ಕಿ ಹೊಲಗಳ ಮೇಲೆ ಹರಿಯುವುದನ್ನೂ, ಮಲಪ್ರಭೆಯ ಕಾಲುವೆಯು ಬೇಕಾದಾಗ ಬರಿದಾಗಿರುವುದನ್ನೂ ಕಂಡುಂಡ ನವಲಗುಂದ, ಅಣ್ಣಿಗೇರಿಗಳ ಜನರಿಗೆ ದಿಗಂತದವರೆಗೆ ಹರಡಿದ ನೀರು ನಿತ್ಯಾನುಭವದ ವಸ್ತುವಲ್ಲ. ಆದರೂ ನಮ್ಮ ಎರಿಭೂಮಿಗೂ ಕಾರವಾರದ ಬಂದರಿಗೂ ಇರುವ ನಂಟು ಇಂದು ನಿನ್ನೆಯದಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಜೋಡಿಸಿದಾಗ, ಅಮೆರಿಕೆಯ ಅಂತರ್ಯುದ್ಧದಿಂದ ಹತ್ತಿಯ ಸರಬರಾಜು ನಿಂತುಹೋಗಿ ಕಂಗಾಲಾಗಿದ್ದ ಇಂಗ್ಲೆಂಡಿನ ಗಿರಣಿಗಳಿಗೆ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದಿಂದಲೇ ಹಡಗಿಗೇರಿಸಬೇಕೆಂಬುದು ಅದರ ಹಿಂದಿನ ಆಶಯವಾಗಿತ್ತು. ಹತ್ತಿಯ ಗಾಡಿಗಳು ಇಳಿಯಬೇಕೆಂದಿದ್ದ ಆ ದಿಕ್ಕಿಗೆ ಈಗ ಚಳಿಗಾಲ ಬಂದೊಡನೆ ಇಳಿಯುವುವು ಶಾಲಾ ಪ್ರವಾಸದ ಬಸ್ಸುಗಳು.

ಆ ಬಸ್ಸುಗಳು ತಪ್ಪದೆ ನಿಲ್ಲುವ ಸ್ಥಳ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರ. ತರುಣ ರವೀಂದ್ರರು 1883ರಲ್ಲಿ, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರೆಂಬುದರಿಂದ ಬಂದ ಹೆಸರದು. ಅದೇ ಮರಳದಂಡೆಯ ಅಂಚಿನಲ್ಲಿ, ನೀರನ್ನು ಬಿಟ್ಟು ನೆಲದ ಮೇಲೆ ಬಂದು ಕುಳಿತಿರುವ ಬೂದುಬಣ್ಣದ ಸಮರನೌಕೆಯೇ ‘ಐಎನ್‌ಎಸ್ ಚಪಲ್’. ಊರಿನವರ ಬಾಯಲ್ಲಿ ‘ಚಾಪೆಲ್’. ಸೋವಿಯತ್ ದೇಶದಲ್ಲಿ ನಿರ್ಮಿತವಾಗಿ 1976ರಲ್ಲಿ ಭಾರತೀಯ ನೌಕಾದಳವನ್ನು ಸೇರಿ, 2005ರಲ್ಲಿ ಸೇವೆಯಿಂದ ನಿವೃತ್ತವಾಗಿ, ಮರುವರ್ಷ ವಸ್ತುಸಂಗ್ರಹಾಲಯವಾಗಿ ರೂಪಾಂತರ ಹೊಂದಿದ ಈ ನೌಕೆಯ ಉದ್ದ ಮೂವತ್ತೆಂಟೂವರೆ ಮೀಟರು, ಅಗಲ ಏಳೂವರೆ ಮೀಟರು. ಸಮರನೌಕೆಯೆಂದರೆ ಪರ್ವತೋಪಮವಾದುದನ್ನು ಕಲ್ಪಿಸಿಕೊಂಡು ಬಂದ ಮಕ್ಕಳಿಗೆ ಇದು ಕಿರಿದಾಗಿ ಕಾಣುತ್ತದೆ. ಕುಂದಗೋಳದ ಕಡೆಯಿಂದ ಬಂದಿದ್ದ ಒಬ್ಬ ಹುಡುಗನು ತನ್ನ ಗುರುಗಳಿಗೆ ಹೇಳಿದ ಮಾತು ನನ್ನ ಕಿವಿಗೆ ಬಿದ್ದುದುಂಟು: “ಸರ, ನನ್ನ ಮೊಬೈಲ್ ಗೇಮಿನ್ಯಾಗ ಇಂಥಾದ್ದ ಐತ್ರಿ, ಅದು ಇದಕಿಂತ ಭಾಳ ಜೋರ ಓಡತೈತ್ರಿ.” ಗುರುಗಳು ಸುಮ್ಮನಾದರು. ಆ ಮಾತು ಉತ್ತರಕ್ಕೆ ಅರ್ಹವಾದುದೆಂದೇ ನನ್ನ ಎಣಿಕೆ. ಏಕೆಂದರೆ ಇಂದಿನ ಬಾಲಕರಲ್ಲಿ ಬಹುಮಂದಿಗೆ ಸಮರನೌಕೆಯ ಪ್ರಥಮ ಪರಿಚಯವಾಗುವುದು ಕಡಲಿನಲ್ಲಿ ಅಲ್ಲ, ಪುಸ್ತಕದಲ್ಲಿಯೂ ಅಲ್ಲ, ಅಂಗೈಯಗಲದ ಪರದೆಯಲ್ಲಿ.

ಈ ಜಾತಿಯ ನೌಕೆಯು ಹುಟ್ಟಿದುದು ಹೇಗೆಂಬುದನ್ನು ಮೊದಲು ನೋಡೋಣ. ದ್ವಿತೀಯ ಮಹಾಯುದ್ಧದಲ್ಲಿ ಹಲವು ರಾಷ್ಟ್ರಗಳು ಸಣ್ಣ, ಶೀಘ್ರಗಾಮಿ ಟಾರ್ಪೆಡೋ ದೋಣಿಗಳನ್ನು ಬಳಸಿದುವು. ರಾತ್ರಿಯ ಕತ್ತಲೆಯಲ್ಲಿ ಶತ್ರುವಿನ ಹಡಗಿನ ತೀರ ಸಮೀಪಕ್ಕೆ ನುಗ್ಗಿ, ಟಾರ್ಪೆಡೋವನ್ನು ನೀರಿಗೆ ಬಿಟ್ಟು, ಫಿರಂಗಿಗಳು ತಿರುಗುವುದರೊಳಗೆ ಓಡಿಬರುವುದೇ ಅವುಗಳ ವೃತ್ತಿ. ಯುದ್ಧಾನಂತರ ಸೋವಿಯತ್ ಶಿಲ್ಪಿಗಳು ಈ ದೋಣಿಯ ವೇಗವನ್ನು ಉಳಿಸಿಕೊಂಡು, ಟಾರ್ಪೆಡೋವಿನ ಸ್ಥಾನದಲ್ಲಿ ರೇಡಾರಿನಿಂದ ತಾನೇ ಗುರಿಯನ್ನು ಅರಸಿಕೊಂಡು ಹೋಗುವ ಪಿ-15 ಎಂಬ ಕ್ಷಿಪಣಿಯನ್ನು ಇರಿಸಿದರು. ಎರಡು ಟನ್ನಿಗೂ ಮಿಕ್ಕಿ ತೂಗುವ, ಸುಮಾರು 500 ಕಿಲೋ ಸಿಡಿತಲೆಯನ್ನು ಹೊತ್ತ ಈ ಅಸ್ತ್ರವು ಶಬ್ದವೇಗಕ್ಕೆ ತುಸು ಕಡಮೆಯಾದ ವೇಗದಲ್ಲಿ 40 ಕಿಲೋಮೀಟರು ದೂರವನ್ನು ಎರಡೂ ಕಾಲು ನಿಮಿಷದಲ್ಲಿ ಕ್ರಮಿಸುತ್ತದೆ. ಮೊದಲು ಕೊಮಾರ್ ಎಂಬ, ಮರದ ಒಡಲಿನ, ಎರಡು ಕ್ಷಿಪಣಿಗಳ ದೋಣಿ. ಬಳಿಕ ಪಾಶ್ಚಾತ್ಯರು ‘ಓಸಾ’ ಎಂದು ಕರೆದ, ಉಕ್ಕಿನ ಒಡಲಿನ, ನಾಲ್ಕು ಕ್ಷಿಪಣಿಗಳ ನೌಕೆ. ನಮ್ಮ ಚಪಲ್ ಈ ಎರಡನೆಯದರ ಪರಿಷ್ಕೃತ ರೂಪ.

ಜಗತ್ತು ಇವುಗಳನ್ನು ಗಂಭೀರವಾಗಿ ಪರಿಗಣಿಸಿದುದು 1967ರ ಅಕ್ಟೋಬರ್ 21ರಂದು. ಆ ಸಂಜೆ ಈಜಿಪ್ಟಿನ ಕೊಮಾರ್ ದೋಣಿಗಳು ಪೋರ್ಟ್ ಸೈದ್ ಬಂದರಿನ ಆಸರೆಯಿಂದ ಹೊರಕ್ಕೆ ಬಾರದೆಯೇ ಇಸ್ರೇಲಿನ ‘ಐಲಾತ್’ ಎಂಬ ವಿನಾಶಕ ನೌಕೆಯನ್ನು ಮುಳುಗಿಸಿ, 47 ಮಂದಿ ನಾವಿಕರ ಸಾವಿಗೆ ಕಾರಣವಾದುವು. ಹಡಗಿನ ಬಲವನ್ನು ಅದರ ಗಾತ್ರದಿಂದ ಅಳೆಯುವ ಶತಮಾನಗಳ ರೂಢಿಯು ಅಂದಿಗೆ ಸಡಿಲವಾಯಿತು.

ಇನ್ನು ವೇಗದ ಮಾತು. ಚಪಲ್ ಕುಲದ ನೌಕೆಯ ಗರಿಷ್ಠ ವೇಗ ಸುಮಾರು 38 ನಾಟ್. ಎಂದರೆ ಗಂಟೆಗೆ 70 ಕಿಲೋಮೀಟರು. ಕಲಘಟಗಿಯ ರಸ್ತೆಯ ಮೇಲೆ ಅವರ ಬಸ್ಸೇ ಅಷ್ಟು ಓಡಿದ್ದರಿಂದ ಹುಡುಗನಿಗೆ ಇದು ಅಲ್ಪವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಗಾಳಿಗಿಂತ ಎಂಟುನೂರು ಪಟ್ಟು ದಟ್ಟವಾದ ನೀರನ್ನು ಸೀಳಿಕೊಂಡು ಇನ್ನೂರಕ್ಕೂ ಮಿಕ್ಕಿದ ಟನ್ನುಗಳ ಉಕ್ಕನ್ನು ಆ ವೇಗಕ್ಕೆ ಒಯ್ಯುವುದೆಂದರೆ ಏನೆಂಬುದನ್ನು ನೌಕೆಯ ಯಂತ್ರಗಳನ್ನು ನೋಡಿಯೇ ತಿಳಿಯಬೇಕು. ಎಳ್ಳಮಾವಾಸ್ಯೆಯ ವೇಳೆಗೆ ನಮ್ಮ ಹೊಲಗಳಲ್ಲಿ ಕಾಣುವ ಟ್ರ್ಯಾಕ್ಟರಿಗೆ ಮೂರೋ ನಾಲ್ಕೋ ಸಿಲಿಂಡರು, ಐವತ್ತರ ಸುಮಾರು ಅಶ್ವಶಕ್ತಿ. ಈ ನೌಕೆಯ ಒಂದೊಂದು ಡೀಸೆಲ್ ಎಂಜಿನ್ನಿಗೆ ನಕ್ಷತ್ರಾಕಾರದಲ್ಲಿ ಏಳು ಸಾಲಾಗಿ ಜೋಡಿಸಿದ 56 ಸಿಲಿಂಡರುಗಳು, 5000 ಅಶ್ವಶಕ್ತಿ, ಅಂಥವು ಮೂರು. ನವಲಗುಂದದ ಎರಿಹೊಲದಲ್ಲಿ ಮುನ್ನೂರು ಟ್ರ್ಯಾಕ್ಟರುಗಳನ್ನು ಒಂದೇ ಸರಪಳಿಗೆ ಕಟ್ಟಿ ಎಳೆಸಿದಷ್ಟು ಬಲವು ಆ ಇಕ್ಕಟ್ಟಾದ ಕೋಣೆಯಲ್ಲಿ ಅಡಗಿತ್ತು. ಮೂವತ್ತು ಜನರ ಸಮೀಪದ ಸಿಬ್ಬಂದಿಯು ಆ ಗರ್ಜನೆಯ, ಆ ಕಾವಿನ, ಆ ಎಣ್ಣೆಯ ವಾಸನೆಯ ನಡುವೆಯೇ ಉಣಬೇಕು, ಮಲಗಬೇಕು, ಎಚ್ಚರದಿಂದಿರಬೇಕು. ಒಳಗಿಳಿದು, ತಲೆಯನ್ನು ತಗ್ಗಿಸಿ ಕಿರಿದಾದ ಬಾಗಿಲುಗಳಲ್ಲಿ ನುಸುಳಿದ ಮಗುವಿನ ಮೈಯಿಗೆ ಇದರಲ್ಲಿ ಸ್ವಲ್ಪವಾದರೂ ತಟ್ಟುತ್ತದೆ. ಪರದೆಯು ಕೊಡಲಾರದ ಜ್ಞಾನವಿದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದುವುದು ಅವಶ್ಯ. 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿಮಾಡಿದ ನೌಕೆ ಇದೇ ಎಂದು ಹೇಳುವವರೂ ಬರೆಯುವವರೂ ಹಲವರಿದ್ದಾರೆ. ಯುದ್ಧವು ಮುಗಿದು ಸುಮಾರು ಐದು ವರ್ಷಗಳಾದ ಮೇಲೆ ಸೇವೆಗೆ ಬಂದ ನೌಕೆಯು ಅದರಲ್ಲಿ ಹೋರಾಡಿರಲಾರದು. ಅಂದು ಹೋರಾಡಿದುವು ಇದರ ಅಗ್ರಜರಾದ ವಿದ್ಯುತ್ ವರ್ಗದ ಎಂಟು ನೌಕೆಗಳ ಪೈಕಿ ಕೆಲವು. ಆ ಎಂಟೂ 1971ರ ಆರಂಭದಲ್ಲಿ ಸೋವಿಯತ್ ದೇಶದಿಂದ ಬಂದಾಗ, ಅವನ್ನು ಎತ್ತಿ ಇಳಿಸತಕ್ಕ ಭಾರಿ ಕ್ರೇನು ಮುಂಬಯಿಯಲ್ಲಿ ಇಲ್ಲದ ಕಾರಣ ಕಲ್ಕತ್ತೆಯಲ್ಲಿ ಇಳಿಸಿ, ಅಲ್ಲಿಂದ ಇಡೀ ದಕ್ಷಿಣ ಭಾರತವನ್ನು ಬಳಸಿಕೊಂಡು ಮುಂಬಯಿಗೆ ದೊಡ್ಡ ಹಡಗುಗಳ ಹಿಂದೆ ಹಗ್ಗ ಕಟ್ಟಿ ಎಳೆದೊಯ್ದರು. ಹಾಗೆ ಎಳೆದು ತಂದುದರಿಂದಲೇ ನೌಕಾದಳದ ಅಧಿಕಾರಿಗಳಿಗೆ ಮಹತ್ತರವಾದ ಆಲೋಚನೆಯೊಂದು ಹೊಳೆದುದು ಎಂದರೆ ಅತಿಶಯೋಕ್ತಿಯಾಗದು.

ಏಕೆಂದರೆ ಈ ನೌಕೆಗಳು ನಿರ್ಮಿತವಾದುದು ತಮ್ಮದೇ ಬಂದರಿನ ಸುತ್ತಣ ಕಡಲನ್ನು ಕಾಯುವುದಕ್ಕೆ. ಪೂರ್ಣವೇಗದಲ್ಲಿ ಓಡಿದರೆ ಅವುಗಳ ಎಣ್ಣೆಯು ಸುಮಾರು 500 ನಾಟಿಕಲ್ ಮೈಲುಗಳಿಗೆ ಮುಗಿಯುತ್ತದೆ; ಮುಂಬಯಿಯಿಂದ ಕರಾಚಿಗೆ ಇರುವ ದೂರವೂ ಹೆಚ್ಚುಕಡಮೆ ಅಷ್ಟೇ. ಹೋಗಬಹುದು, ಬರುವಂತಿಲ್ಲ. ರಕ್ಷಣೆಗೆಂದು ಹುಟ್ಟಿದ ಈ ದೋಣಿಗಳನ್ನು ಹಗ್ಗದಿಂದ ಎಳೆದೊಯ್ದು, ತೈಲದ ಹಡಗನ್ನು ಜೊತೆಗಿರಿಸಿ, ಶತ್ರುವಿನ ಬಾಗಿಲಿನಲ್ಲಿಯೇ ಬಿಟ್ಟರೆ ಹೇಗೆ? ನೌಕಾದಳದ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಸ್. ಎಂ. ನಂದಾ ಅವರು ಬಾಲ್ಯವನ್ನು ಕರಾಚಿಯ ಮನೋರಾ ದ್ವೀಪದಲ್ಲಿ ಕಳೆದವರು. ಆ ಬಂದರಿನ ಮೂಲೆಮೂಲೆಯನ್ನೂ ಅರಿತವರು. ಎಳೆಯುವ ಅಭ್ಯಾಸಗಳು ನಡೆದುವು. ಯೋಜನೆಗೆ ‘ಟ್ರೈಡೆಂಟ್’ ಎಂದು ಹೆಸರಾಯಿತು.

1971ರ ಡಿಸೆಂಬರ್ 4ರ ಹಗಲೆಲ್ಲ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿನೌಕೆಗಳೂ, ಅವುಗಳ ಬೆಂಗಾವಲಿನ ಕಿಲ್ತಾನ್, ಕಚ್ಚಲ್ ಎಂಬ ಎರಡು ನೌಕೆಗಳೂ, ಕಮಾಂಡರ್ ಬಬ್ರುಭಾನ್ ಯಾದವರ ನೇತೃತ್ವದಲ್ಲಿ ಕರಾಚಿಯ ದಕ್ಷಿಣಕ್ಕೆ ಸುಮಾರು 250 ನಾಟಿಕಲ್ ಮೈಲು ದೂರದಲ್ಲಿ, ಪಾಕಿಸ್ತಾನದ ವಿಮಾನಗಳ ಕಣ್ಣಿಗೆ ಬೀಳದಂತೆ ಕಾದುಕೊಂಡಿದ್ದುವು. ತೈಲನೌಕೆಯಾದ ಪೋಷಕ್ ಹಿಂದಿತ್ತು. ಮುಸ್ಸಂಜೆಯಾದೊಡನೆ ಉತ್ತರಾಭಿಮುಖವಾಗಿ ಹೊರಟುವು. ನಾವಿಕರು ರಷ್ಯದಲ್ಲಿ ತರಬೇತಿ ಹೊಂದಿದವರಾದುದರಿಂದ ನಿಸ್ತಂತುವಿನ ಮೇಲೆ ರಷ್ಯನ್ ಭಾಷೆಯಲ್ಲಿಯೇ ಮಾತನಾಡಿಕೊಂಡರು. ರಾತ್ರಿ ಹತ್ತೂವರೆಯ ಬಳಿಕ ನಿರ್ಘಾತ್ ಬಿಟ್ಟ ಮೊದಲನೆಯ ಕ್ಷಿಪಣಿಯು ತಮ್ಮ ಕಡೆಗೆ ಬರುತ್ತಿರುವುದನ್ನು ಕಂಡ ‘ಖೈಬರ್’ ಎಂಬ ವಿನಾಶಕದ ನಾವಿಕರು ಅದನ್ನು ವಿಮಾನವೆಂದು ಬಗೆದು ವಿಮಾನನಿರೋಧಕ ಫಿರಂಗಿಗಳಿಂದ ಗುಂಡು ಹಾರಿಸಿದರು. ವಿಮಾನದಾಳಿಗೆ ಸಿಕ್ಕಿದ್ದೇವೆಂದೇ ತೀರಕ್ಕೆ ಸುದ್ದಿ ಕಳುಹಿದರು. ಆ ಸುದ್ದಿಯಲ್ಲಿ ತಾವಿದ್ದ ಸ್ಥಾನವೂ ತಪ್ಪಾಗಿ ಹೋದುದರಿಂದ ನೆರವು ವಿಳಂಬವಾಯಿತು. ಎರಡನೆಯ ಕ್ಷಿಪಣಿಯು ಹಡಗನ್ನು ಮುಳುಗಿಸಿತು. ಸತ್ತವರು 222 ಮಂದಿ. ‘ಮುಹಾಫಿಜ್’ ಎಂಬ, ಸಿಡಿಗುಂಡುಗಳನ್ನು ತೆಗೆಯುವ ನೌಕೆಯು ಆಪತ್ತಿನ ಸುದ್ದಿಯನ್ನು ಕಳುಹುವುದಕ್ಕೂ ಅವಕಾಶವಿಲ್ಲದೆ ನಾಶವಾಗಿ, ಅದರಲ್ಲಿ 33 ಮಂದಿ ಮಡಿದರು. ‘ವೀನಸ್ ಚಾಲೆಂಜರ್’ ಎಂಬ ಸರಕಿನ ಹಡಗೂ ಮುಳುಗಿತು. ನಿಪಾತ್‌ನ ಕ್ಷಿಪಣಿಯಿಂದ ಕರಾಚಿ ಬಂದರಿನ ಕೆಮಾರಿಯ ತೈಲಾಗಾರಕ್ಕೆ ಬೆಂಕಿ ಬಿದ್ದಿತು. ನಾಲ್ಕು ದಿನಗಳ ತರುವಾಯ, ಪ್ರಕ್ಷುಬ್ಧವಾದ ಕಡಲಿನಲ್ಲಿ, ವಿನಾಶ್ ಎಂಬ ಒಂದೇ ಕ್ಷಿಪಣಿನೌಕೆಯು ತಲ್ವಾರ್, ತ್ರಿಶೂಲ್‌ಗಳ ಬೆಂಗಾವಲಿನಲ್ಲಿ ಮತ್ತೆ ಹೋಗಿ ತನ್ನ ನಾಲ್ಕೂ ಕ್ಷಿಪಣಿಗಳನ್ನು ಬಿಟ್ಟು ಬಂದಿತು. ಡಿಸೆಂಬರ್ 4 ನಮ್ಮಲ್ಲಿ ನೌಕಾದಿನವಾದುದು ಹೀಗೆ.

ಈಗ ಪರದೆಯ ಕಡೆಗೆ ತಿರುಗೋಣ. ಆಟಗಳಲ್ಲಿ ಎರಡು ಬಗೆ. ಆ ಹುಡುಗನ ಮೊಬೈಲಿನಲ್ಲಿರುವಂಥದು ಮೊದಲನೆಯ ಬಗೆ: ದೋಣಿಯು ಬೈಸಿಕಲ್ಲಿನಂತೆ ತಟ್ಟನೆ ತಿರುಗುತ್ತದೆ, ಎಣ್ಣೆ ತೀರುವುದಿಲ್ಲ, ಕ್ಷಿಪಣಿ ಮುಗಿಯುವುದಿಲ್ಲ, ಶತ್ರುವು ಕೆಂಪು ಗುರುತಿನೊಡನೆ ಕಣ್ಣಳತೆಯಲ್ಲಿಯೇ ಇರುತ್ತಾನೆ. ಇದನ್ನು ಕುರಿತು ಹೆಚ್ಚು ಹೇಳುವಂಥದೇನೂ ಇಲ್ಲ. ಕಡಲನ್ನು ಕೆರೆಯಷ್ಟಕ್ಕೆ ಕುಗ್ಗಿಸಿದ ಮೇಲೆ ಅಲ್ಲಿ ಎಲ್ಲವೂ ಜೋರಾಗಿ ಓಡಲೇಬೇಕು.

ಎರಡನೆಯ ಬಗೆಯು ಆದರಕ್ಕೆ ಯೋಗ್ಯವಾದುದು. ಅಮೆರಿಕೆಯ ನೌಕಾದಳದಲ್ಲಿ ಅಧಿಕಾರಿಯಾಗಿದ್ದ ಲ್ಯಾರಿ ಬಾಂಡ್ ಎಂಬವರು 1980ರಲ್ಲಿ ‘ಹಾರ್ಪೂನ್’ ಎಂಬ ಆಟವನ್ನು ರಚಿಸಿದರು. ಆಗ ಅದು ಮೇಜಿನ ಮೇಲೆ ಕಾಗದ, ಪೆನ್ಸಿಲು, ದಾಳಗಳೊಂದಿಗೆ ಆಡತಕ್ಕ ಆಟ. ನೌಕೆಯ ವೇಗ, ರೇಡಾರಿನ ವ್ಯಾಪ್ತಿ, ಕ್ಷಿಪಣಿಯ ಸಂಖ್ಯೆ ಇವೆಲ್ಲ ಕೋಷ್ಟಕಗಳಲ್ಲಿ. ಟಾಮ್ ಕ್ಲಾನ್ಸಿಯವರು ತಮ್ಮ ‘ರೆಡ್ ಸ್ಟಾರ್ಮ್ ರೈಸಿಂಗ್’ ಕಾದಂಬರಿಯ ಕಡಲಯುದ್ಧಗಳನ್ನು ಈ ಆಟದಿಂದಲೇ ಒರೆಹಚ್ಚಿ ನೋಡಿದರು. 1989ರಲ್ಲಿ ಅದು ಗಣಕಯಂತ್ರಕ್ಕೆ ಬಂದಿತು. ಅದೇ ಪರಂಪರೆಯಲ್ಲಿ 2013ರಲ್ಲಿ ಮೊದಲು ಬಂದು 2019ರಲ್ಲಿ ಹೊಸ ರೂಪವನ್ನು ತಳೆದ ‘ಕಮಾಂಡ್’ ಎಂಬ ಆಟದ ವಿಶಾಲವಾದ ಕೋಶದಲ್ಲಿ, ಯುದ್ಧೋತ್ತರ ಕಾಲದ ಸಹಸ್ರಾರು ನೌಕೆ, ವಿಮಾನಗಳ ನಡುವೆ ನಮ್ಮ ಓಸಾ ಕುಲದ ನೌಕೆಗಳೂ ಸೇರಿವೆ. ಇದರ ವೃತ್ತಿಪರ ಆವೃತ್ತಿಯನ್ನು ಸೈನ್ಯಗಳೂ ಅಭ್ಯಾಸಕ್ಕೆ ಉಪಯೋಗಿಸುತ್ತವೆ. ಇಲ್ಲಿ ಅಲೆಗಳ ಸೊಗಸು ಕಾಣುವುದಿಲ್ಲ. ಕಾಣುವುದು ಒಂದು ನಕಾಶೆ, ಕೆಲವು ಚಿಹ್ನೆಗಳು, ಸುತ್ತಲೂ ವ್ಯಾಪ್ತಿಯನ್ನು ಸೂಚಿಸುವ ವೃತ್ತಗಳು. ನೌಕೆಯು ಇಲ್ಲಿ ಒಂದು ಬಿಂದು ಮಾತ್ರ.

ಆ ಬಿಂದುವಿನಿಂದ ಕಲಿಯುವುದು ಬಹಳವಿದೆಯೆಂಬುದೇ ನನ್ನ ಅಭಿಪ್ರಾಯ. ವಸ್ತುಸಂಗ್ರಹಾಲಯದಲ್ಲಿ ನಿಂತ ನೌಕೆಯು ತನ್ನ ಮೈಯನ್ನು ತೋರಿಸುತ್ತದೆ, ಕಾಲದೇಶಗಳನ್ನು ತೋರಿಸಲಾರದು. ಮುಂಬಯಿಯಿಂದ ಕರಾಚಿಗೆ ಪೂರ್ಣವೇಗದಲ್ಲಿ ಹೊರಟ ಆಟಗಾರನು ನಡುಗಡಲಿನಲ್ಲಿ ಎಣ್ಣೆಯ ಅಂಕಿಯು ಇಳಿಯುವುದನ್ನು ಕಂಡಾಗ, ಅಡ್ಮಿರಲ್ ನಂದಾ ಅವರನ್ನು ಕಾಡಿದ ಪ್ರಶ್ನೆಯೇ ಅವನ ಮುಂದೆ ಬಂದು ನಿಲ್ಲುತ್ತದೆ. ರೇಡಾರನ್ನು ಹಚ್ಚಿದರೆ ತಾನು ಕಾಣುವುದಕ್ಕಿಂತ ಮೊದಲು ತನ್ನನ್ನೇ ಇತರರು ಕಾಣುವರೆಂಬ ಸತ್ಯ, ಹಗಲಿನಲ್ಲಿ ವಿಮಾನಕ್ಕೆ ಸಿಕ್ಕಿದ ಸಣ್ಣ ನೌಕೆಯ ನಿರಾಶ್ರಯ ಸ್ಥಿತಿ, ನಾಲ್ಕು ಕ್ಷಿಪಣಿಗಳನ್ನು ಬಿಟ್ಟ ಮೇಲೆ ಉಳಿಯುವುದು 30 ಮಿಲಿಮೀಟರಿನ ಎರಡು ಜೋಡಿ ತೋಪುಗಳು ಮಾತ್ರವೆಂಬ ತಿಳಿವು, ಇವು ಮೂರೂ ಸೋತು ಸೋತು ಅವನಿಗೆ ಮನವರಿಕೆಯಾಗುತ್ತವೆ. ಮುಸ್ಸಂಜೆಯವರೆಗೆ ಕಾದುದೇಕೆ ಎಂಬುದನ್ನು ಆಡಿದವನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಆದರೆ ಎಳೆದೊಯ್ಯುವ ಹಗ್ಗವನ್ನು ನಾನು ನೋಡಿದ ಯಾವ ಆಟದಲ್ಲಿಯೂ ಕಾಣಲಿಲ್ಲ. ಕರಾಚಿಯ ಕಥೆಯಲ್ಲಿ ಕ್ಷಿಪಣಿಗೆ ಸಮನಾದ ಪಾತ್ರ ಆ ಹಗ್ಗದ್ದು.

ಆಟವು ಎಲ್ಲಿ ನಮ್ಮನ್ನು ದಾರಿತಪ್ಪಿಸುವುದೆಂಬುದನ್ನೂ ಹೇಳಬೇಕು. ಪಿ-15 ಕ್ಷಿಪಣಿಯು ತನ್ನ ಹಾದಿಯ ಕೊನೆಯ ಭಾಗದಲ್ಲಿ ತನ್ನದೇ ಪುಟ್ಟ ರೇಡಾರನ್ನು ಹಚ್ಚಿಕೊಂಡು, ಎದುರಿನಿಂದ ಬರುವ ಪ್ರತಿಧ್ವನಿಗಳಲ್ಲಿ ಪ್ರಬಲವಾದುದರ ಕಡೆಗೆ ಹೋಗುತ್ತದೆ. ಅದಕ್ಕೆ ಧ್ವಜವು ಕಾಣುವುದಿಲ್ಲ. ಸಮರನೌಕೆ ಯಾವುದು, ಸರಕಿನ ಹಡಗು ಯಾವುದು, ಇದು ಅದಕ್ಕೆ ತಿಳಿಯತಕ್ಕ ವಿಷಯವಲ್ಲ. ಡಿಸೆಂಬರ್ 4ರ ರಾತ್ರಿ ‘ವೀನಸ್ ಚಾಲೆಂಜರ್’ ಮುಳುಗಿದುದನ್ನೂ, ಎಂಟರ ರಾತ್ರಿ ಪರದೇಶಗಳ ವ್ಯಾಪಾರಿ ಹಡಗುಗಳು ಆ ಕ್ಷಿಪಣಿಗಳಿಗೆ ತುತ್ತಾದುದನ್ನೂ ಓದಿದಾಗ ನನ್ನ ಮನಸ್ಸು ನಿಲ್ಲುವುದು ಇಲ್ಲಿಯೇ. ಗಂಭೀರವಾದ ಆಟಗಳು ಗುರುತು ಸಿಕ್ಕದ ಚುಕ್ಕೆಯನ್ನು ಗುರುತಿಲ್ಲದ ಚುಕ್ಕೆಯಾಗಿಯೇ ತೋರಿಸಿ ಆಟಗಾರನನ್ನು ಸಂದೇಹದಲ್ಲಿ ಇರಿಸುತ್ತವೆ. ಇದು ಅವುಗಳ ಪ್ರಾಮಾಣಿಕತೆ. ಆದರೆ ಚುಕ್ಕೆಯು ಮಾಯವಾದ ಮೇಲೆ ನೀರಿನಲ್ಲಿ ಉಳಿದ ಮನುಷ್ಯರನ್ನು ಅವು ತೋರಿಸುವುದಿಲ್ಲ. ಖೈಬರಿನ 222 ಮಂದಿಯೂ, ಅದಾದ ಐದನೆಯ ದಿನ ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿಯ ಟಾರ್ಪೆಡೋವಿನಿಂದ ಮುಳುಗಿದ ನಮ್ಮ ‘ಖುಕ್ರಿ’ಯ 18 ಅಧಿಕಾರಿಗಳೂ 176 ನಾವಿಕರೂ, ಅವರಲ್ಲೊಬ್ಬರಾಗಿ ಹಡಗಿನೊಡನೆಯೇ ಹೋದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಮರಳಿ ಆರಂಭಿಸಲಾಗದ ಆಟದಲ್ಲಿ ಇದ್ದವರು.

ಹೀಗೆಂದು ಆಟವನ್ನೇ ಹಳಿಯುವ ಹಿರಿಯರೊಡನೆ ನಾನು ಸೇರಲಾರೆ. ನವಲಗುಂದದ ಹೆಣ್ಣುಮಕ್ಕಳು ತಲೆಮಾರುಗಳಿಂದ ನೇಯ್ದುಕೊಂಡು ಬಂದ ಜಮಖಾನೆಗಳಲ್ಲಿ ಪಗಡೆಯ ಹಾಸಿನ ವಿನ್ಯಾಸವು ಪ್ರಸಿದ್ಧವಾದುದು. ಕುಳಿತುಕೊಳ್ಳುವ ಹಾಸಿನ ಮೇಲೆಯೇ ಆಟದ ಮನೆಗಳನ್ನು ನೇಯ್ದ ಸೀಮೆಯವರು ನಾವು. ಪಗಡೆಯಿಂದ ಹೊತ್ತಿದ ಯುದ್ಧದ ಕಥೆಯನ್ನು ಕೇಳುತ್ತಲೇ ಪಗಡೆಯನ್ನೂ ಆಡಿಕೊಂಡು ಬಂದ ಜನರಿಗೆ, ಆಟವು ಯಾವುದು, ಅದರಾಚೆಯದು ಯಾವುದು ಎಂಬ ವಿವೇಚನೆಯನ್ನು ಮಕ್ಕಳಿಗೆ ತಿಳಿಸುವುದು ಹೊಸ ವಿದ್ಯೆಯೇನೂ ಅಲ್ಲ. ಬೇಕಾದುದು ಪರದೆಯ ನೌಕೆಯನ್ನೂ ತೀರದ ನೌಕೆಯನ್ನೂ ಒಂದೆಡೆ ತಂದು ನಿಲ್ಲಿಸುವ ಪ್ರಯತ್ನ.

ಅದು ದುಸ್ಸಾಧ್ಯವಲ್ಲ. ಇದೇ ಕಾರವಾರದ ಹತ್ತಿರ, 1986ರಲ್ಲಿ ಅಸ್ತಿಭಾರವನ್ನು ಕಂಡು ಚಪಲ್ ನಿವೃತ್ತಿಹೊಂದಿದ 2005ರಲ್ಲಿಯೇ ಸೇವೆಗೆ ಸಮರ್ಪಿತವಾದ ‘ಕದಂಬ’ ನೌಕಾನೆಲೆಯಿದೆ. ಈ ವಿಷಯವನ್ನು ಬಲ್ಲ ಅಧಿಕಾರಿಗಳು ಅಲ್ಲಿ ಇದ್ದಾರೆ. ಚಪಲ್‌ನ ಪಕ್ಕದಲ್ಲಿ ಒಂದು ಸಣ್ಣ ಕೋಣೆ. ಅದರ ನೆಲದ ಮೇಲೆ ಕಾರವಾರದಿಂದ ಕರಾಚಿಯವರೆಗಿನ ಅರಬ್ಬೀ ಸಮುದ್ರದ ನಕಾಶೆ, ನಮ್ಮ ನವಲಗುಂದದ ನೇಯ್ಗೆಯವರಿಂದಲೇ ನೇಯಿಸಿದರೂ ಆದೀತು. ಅದರ ಮೇಲೆ ಎಣ್ಣೆ ತೀರುವ ದೂರಕ್ಕೊಂದು ಗೆರೆ, ಕ್ಷಿಪಣಿಯು ಮುಟ್ಟುವ ದೂರಕ್ಕೊಂದು ಗೆರೆ. ಗೋಡೆಯ ಬಳಿ ಎರಡು ಗಣಕಯಂತ್ರಗಳಲ್ಲಿ, ಡಿಸೆಂಬರ್ 4ರ ಪರಿಸ್ಥಿತಿಯನ್ನು ಯಥಾವತ್ತಾಗಿ ಅಳವಡಿಸಿದ ನಕಾಶೆಯ ಆಟ. ಎದುರುಗೋಡೆಯ ಮೇಲೆ ನಿಪಾತ್, ನಿರ್ಘಾತ್, ವೀರ್, ವಿನಾಶ್‌ಗಳ ವೃತ್ತಾಂತದೊಂದಿಗೆ ಖುಕ್ರಿ, ಖೈಬರ್, ಮುಹಾಫಿಜ್, ವೀನಸ್ ಚಾಲೆಂಜರ್‌ಗಳ ವೃತ್ತಾಂತವೂ ಅದೇ ಗಾತ್ರದ ಅಕ್ಷರಗಳಲ್ಲಿ, ಕನ್ನಡದಲ್ಲಿ. ಈ ನೌಕೆಯು ಸೇವೆಗೆ ಬಂದುದು 1976ರಲ್ಲಿ ಎಂಬ ಸಂಗತಿಯು ಬಾಗಿಲಿನಲ್ಲಿಯೇ ಇರಲಿ. ಪ್ರವಾಸದ ಮೇಲ್ವಿಚಾರಣೆಯ ಉಪಾಧ್ಯಾಯರಿಗೆ ಹೊರಡುವ ಮೊದಲೇ ನಾಲ್ಕು ಪುಟಗಳ ಒಂದು ಕೈಪಿಡಿ ದೊರೆಯಲಿ. ಅದರಲ್ಲಿ ಎಂಜಿನ್ನಿನ ಲೆಕ್ಕವೂ ಇರಲಿ, ಎಳೆಯುವ ಹಗ್ಗದ ಕಥೆಯೂ ಇರಲಿ. ಉಪ್ಪುಗಾಳಿಯು ಉಕ್ಕನ್ನು ವರ್ಷವರ್ಷವೂ ತಿನ್ನುತ್ತಿರುವುದರಿಂದ ಬಣ್ಣ ಬಳಿಯುವ, ತುಕ್ಕು ಕೆರೆಯುವ ವೆಚ್ಚವು ಜಿಲ್ಲಾಡಳಿತಕ್ಕೆ ತಪ್ಪಿದ್ದಲ್ಲ. ಆ ವೆಚ್ಚದ ಪಕ್ಕದಲ್ಲಿ ಇದು ಅಲ್ಪವಾದುದೇ. ಶಾಲೆಗಳ ಬಸ್ಸುಗಳು ಘಟ್ಟವನ್ನಿಳಿಯುವ ಡಿಸೆಂಬರಿನಲ್ಲಿಯೇ ನೌಕಾದಿನವೂ ಬರುವುದರಿಂದ, ಕೆಲಸಕ್ಕೆ ಕೈಹಚ್ಚುವವರು ಮುಹೂರ್ತವನ್ನು ಬೇರೆ ಹುಡುಕಬೇಕಾಗಿಲ್ಲ.